ಇನ್ನೂ ಒಂದು ಔಟ್ ಬಾಕಿಯಿತ್ತು

ಮೊದಲು ನಾನು ಬರೀ ಕಾರ್ಕಿನ ಒಂದು ಪುಟ್ಟ ಉಂಡೆ. ಅದಕ್ಕೆ ಉಣ್ಣೆಯ ನೂಲು ಸುತ್ತಿ, ಎರಡು ತುಂಡು ತೊಗಲು ಹೊದಿಸಿ, ಕೆಂಪು ದಾರದಲ್ಲಿ ಹೊಲಿದು ನನ್ನನ್ನು ಬೇಸ್‌ಬಾಲ್ ಚೆಂಡು ಮಾಡಿದವಳು ಮಧ್ಯ ಅಮೆರಿಕದ ಬೆಟ್ಟದೂರೊಂದರ ಮಾರಿತ್ಸಾ. ಸೂಜಿ ಎಳೆಯುತ್ತ ಅವಳು ಪಕ್ಕದವಳ ಹತ್ತಿರ ಅತ್ತೆಯನ್ನು ಬೈಯುತ್ತಿದ್ದಳು. ನಾನು ಕೇಳಿದ ಮೊದಲ ಮಾತು ಅದೇ.

ಹಡಗು ಹತ್ತಿ ಉತ್ತರದ ದೊಡ್ಡ ಊರೊಂದಕ್ಕೆ ಬಂದೆ. ಹೊಸ ಚೆಂಡು ಕೈಯಲ್ಲಿ ಜಾರುತ್ತದೆಂದು ಪಂದ್ಯಕ್ಕೆ ಮುಂಚೆ ನದಿಯ ಕೆಸರು ಹಚ್ಚಿ ಉಜ್ಜುವುದು ಅಲ್ಲಿನ ಪದ್ಧತಿ. ಮದುವಣಗಿತ್ತಿಗೆ ಅರಿಸಿನ ಹಚ್ಚಿದ ಹಾಗೆ ಎಂದುಕೊಂಡು ಸುಮ್ಮನೆ ಹಚ್ಚಿಸಿಕೊಂಡೆ.

ಅದು ಅಂಥಿಂಥ ಪಂದ್ಯವಲ್ಲ. ಲೀಗಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿಯ ಕೊನೆಯ ಪಂದ್ಯ. ನನ್ನ ಹಿರಿಯರ ಕಾಲದಲ್ಲಿ ಈ ಸರಣಿಯೇ ಇರಲಿಲ್ಲ. ವರ್ಷವಿಡೀ ಆಡಿ ಪಟ್ಟಿಯ ತುದಿಯಲ್ಲಿ ನಿಂತವರೇ ಗೆದ್ದವರು. ಆಮೇಲೆ ಐದು ಪಂದ್ಯಗಳ ಸರಣಿ ಬಂತು, ಮುಂದೆ ಅದು ಏಳಕ್ಕೆ ಬೆಳೆಯಿತು. ನಾಲ್ಕು ಗೆದ್ದವರಿಗೆ ಇನ್ನೊಂದು ಲೀಗಿನ ಚಾಂಪಿಯನ್ನರೊಡನೆ ವಿಶ್ವ ಸರಣಿ, ಸೋತವರಿಗೆ ಮನೆಯ ದಾರಿ. ಅಂದು ಎರಡೂ ತಂಡ ಮೂರು ಮೂರು ಗೆದ್ದು ನಿಂತಿದ್ದವು.

ಊರಿನ ತಂಡದಲ್ಲಿ ಬಲಗಡೆಯ ಬೇಲಿ ಕಾಯುವ ಎಲಾಯ್ ಬ್ರಿಟೊಗೆ ಅದೇ ಕೊನೆಯ ವರ್ಷ. ಮೊಣಕಾಲು ಸವೆದಿತ್ತು. ಇಷ್ಟು ಕಾಲ ಆಡಿದರೂ ಒಂದು ವಿಶ್ವ ಸರಣಿಯನ್ನೂ ಕಂಡಿರಲಿಲ್ಲ. ಅವನ ಬೆನ್ನ ಹಿಂದೆ ಮೊದಲ ಸಾಲಿನಲ್ಲಿ ಬಟ್ಟೆ ಹೊಲಿಯುವ ಮುದುಕಿ ವಿನಿಫ್ರೆಡ್ ಕೂರುತ್ತಿದ್ದಳು. ಮೂವರು ಔಟಾಗಿ ಸರದಿ ಮುಗಿದಾಗ ಕೈಲಿರುವ ಚೆಂಡನ್ನು ಜನರತ್ತ ಎಸೆಯುವುದು ಅಲ್ಲಿನ ವಾಡಿಕೆ. ಎಲಾಯ್ ಯಾವಾಗಲೂ ಬೇರೆಯವರಿಗೇ ಎಸೆಯುತ್ತಾನೆಂದು ಅವಳಿಗೆ ಸಿಟ್ಟು. ಅಂದೂ ಕೆಣಕಿದಳಂತೆ.

"ನಾನು ಮಣ್ಣಿಗೆ ಹೋದ್ಮೇಲೆ ಕೊಡ್ತೀಯೇನೋ?"

"ಇವತ್ತಿನ ಕೊನೇ ಚೆಂಡು ನಿಂಗೇ ಕಣಮ್ಮ. ಈಗ ಬಾಯಿ ಮುಚ್ಕೊಂಡು ಕೂತ್ಕೋ," ಅಂದನಂತೆ.

ಎದುರಾಳಿಗಳ ಕೊನೆಯ ಸರದಿ. ಊರಿನ ತಂಡ ಒಂದೇ ರನ್ ಮುಂದಿತ್ತು. ಮೂವರು ಔಟಾದರೆ ಗೆದ್ದಂತೆ. ಒಬ್ಬ ಔಟಾಗಿದ್ದ. ಇನ್ನೊಬ್ಬನನ್ನೂ ಅಂಪೈರ್ ಔಟ್ ಎಂದರು. ವಿಡಿಯೊ ನೋಡಿದವರು ಆ ತೀರ್ಪನ್ನು ತಿರುಗಿಸಿದರು. ಮೈದಾನದ ತುಂಬ ಬೈಗುಳ. ಆ ಗದ್ದಲದಲ್ಲಿ ಎಲಾಯ್‌ನ ತಲೆಯೊಳಗೆ ಇಬ್ಬರು ಔಟ್ ಎಂಬ ಲೆಕ್ಕ ಹಾಗೇ ಉಳಿದುಬಿಟ್ಟಿತು. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ಎದುರಾಳಿಗಳಿಬ್ಬರು ಓಡಲು ಕಾದು ನಿಂತಿದ್ದರು.

ಆಗ ಅಂಪೈರ್ ತಮ್ಮ ಚೀಲದಿಂದ ನನ್ನನ್ನು ತೆಗೆದರು. ಬ್ಯಾಟು ಬಡಿಯಿತು. ನಾನು ದೀಪದ ಕಂಬಗಳಷ್ಟು ಎತ್ತರಕ್ಕೆ ಹಾರಿ ಎಲಾಯ್‌ನ ಗ್ಲೌಸಿಗೆ ಇಳಿದೆ. ಇದು ಮೂರನೆಯದು, ಗೆದ್ದೆವು ಎಂದುಕೊಂಡ ಅವನು ನಕ್ಕ. ತಿರುಗಿ ನನ್ನನ್ನು ಹೂವಿನ ಹಾಗೆ ವಿನಿಫ್ರೆಡ್‌ಳ ಕೈಗೆ ಎಸೆದ.

ಆದರೆ ಅದು ಎರಡನೆಯ ಔಟ್, ಆಟ ಇನ್ನೂ ಮುಗಿದಿರಲಿಲ್ಲ. ಆಟ ನಡೆಯುತ್ತಿರುವಾಗ ಚೆಂಡನ್ನು ಜನರತ್ತ ಎಸೆದುಬಿಟ್ಟರೆ ಓಟಗಾರರಿಗೆ ಎರಡೆರಡು ಬೇಸ್ ಬಿಟ್ಟಿಯಾಗಿ ಸಿಗುತ್ತದೆ. ಅವರಿಬ್ಬರೂ ಓಡಲೂ ಇಲ್ಲ. ನಡೆದುಕೊಂಡೇ ಬಂದು ಎರಡು ರನ್ ಮಾಡಿದರು.

ಎಲಾಯ್ ಬೇಲಿಗೆ ಕೈ ಚಾಚಿದ. "ಕೊಡಮ್ಮ. ವಾಪಸ್ ಕೊಡು."

ಅವಳು ಕೊಟ್ಟಳು. ಅವನು ನನ್ನನ್ನೇ ನೋಡುತ್ತ ನಿಂತ. ಆಮೇಲೆ, ಇನ್ನೇನು ಮಾಡಬೇಕೆಂದು ತೋಚದೆ, ಮತ್ತೆ ಅವಳ ಕೈಗೇ ಇಟ್ಟ. ಊರಿನ ತಂಡಕ್ಕೆ ಬ್ಯಾಟು ಮಾಡುವ ಸರದಿ ಬಂದಾಗ ಒಂದು ರನ್ನೂ ಬರಲಿಲ್ಲ, ಸರಣಿ ಕೈತಪ್ಪಿತು.

ವಿನಿಫ್ರೆಡ್ ನನ್ನನ್ನು ಹೊಲಿಗೆ ಬುಟ್ಟಿಯ ತಳದಲ್ಲಿ ಬಟ್ಟೆ ಚೂರುಗಳಿಂದ ಮುಚ್ಚಿಟ್ಟಳು. ನೋಡಲು ಬಂದವರನ್ನೆಲ್ಲ ಬಾಗಿಲಲ್ಲೇ ಸಾಗಹಾಕಿದಳು. ಅವಳೂ ನೋಡಲಿಲ್ಲ.

ಮುಂದಿನ ವಸಂತದಲ್ಲಿ ಎಲಾಯ್ ಕುಂಟುತ್ತ ಬಂದ. ಆಟ ಬಿಟ್ಟಿದ್ದ. ನಿನಗೆ ಎಣಿಸಲೂ ಬರುವುದಿಲ್ಲವೇ ಎಂದು ಊರೆಲ್ಲ ಕೇಳಿತು, ನೀನೊಬ್ಬಳು ಕೇಳಲಿಲ್ಲ ಎಂದ. ಹೇಗೆ ಕೇಳಲಿ, ನೀನು ಚೆಂಡು ಹಿಡಿಯುವ ಮೊದಲೇ ನಾನು ಕೈಚಾಚಿ ಎದ್ದು ನಿಂತಿದ್ದೆನಲ್ಲ ಎಂದಳು ಅವಳು. ಬುಟ್ಟಿ ತಂದು ಅವನ ಮುಂದಿಟ್ಟಳು. ಅವನು ನನ್ನನ್ನು ತೆಗೆದು ಮಾರಿತ್ಸಾಳ ಹೊಲಿಗೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿದ.

ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಎಸೆಯಲು ಕೈಯೆತ್ತಿದ. ವಿನಿಫ್ರೆಡ್ ಕೈ ಚಾಚಲಿಲ್ಲ.

"ಎಲ್ಲಾ ಮುಗ್ದಿದೆ ತಾನೇ?"

"ಮುಗ್ದಿದೆ ಕಣಮ್ಮ. ಈಗ ಹಿಡ್ಕೋ."

ನನ್ನ ಬಣ್ಣ ಹಳದಿಗೆ ತಿರುಗಿದೆ. ಈಗ ಬುಟ್ಟಿಯ ತಳದಲ್ಲಲ್ಲ, ಮೇಲೆಯೇ, ದಾರದುಂಡೆಗಳ ನಡುವೆ ಕೂತಿದ್ದೇನೆ. ಆದರೂ ಯಾರಾದರೂ ಬಟ್ಟೆ ಕೊಡವಿದರೆ ಮತ್ತೆ ಎಸೆದರೇನೋ ಎಂದು ಬೆಚ್ಚುತ್ತೇನೆ. ಅಂದು ಅವನ ಕೈಯಿಂದ ಅವಳ ಕೈಗೆ ಹಾರುವಾಗ ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಿದ್ದರೂ, ಗಾಳಿಯಲ್ಲಿ ನಿಂತುಬಿಡುವುದು ನನ್ನಿಂದ ಆಗುತ್ತಿತ್ತೇ?