ನಾಲ್ಕನೆಯ ಮೂಲೆ

ಬಸವೇಶ ಪೆಡಲ್ ಒತ್ತಿದ. ಅದು ಅರ್ಧಕ್ಕೇ ನಿಂತಿತು. ಮೈಭಾರವನ್ನೆಲ್ಲ ಬಲಗಾಲಿಗೆ ಬಿಟ್ಟು ಇನ್ನೊಮ್ಮೆ ಒತ್ತಿದ. ಮಿಷಿನ್ನಿನ ಹೊಟ್ಟೆಯೊಳಗೆ ಕಟಕ್ ಎಂದಿತೇ ಹೊರತು ಮೊಳೆ ಮೇಲೆ ಬರಲಿಲ್ಲ. ಫೋಟೊ ಕಟ್ಟಿನ ಮೂರು ಮೂಲೆ ಕೂಡಿದ್ದವು, ನಾಲ್ಕನೆಯದು ಹಾಗೇ ತೆರೆದುಕೊಂಡಿತ್ತು.

ಪಕ್ಕದ ಮೇಜಿನ ಮೇಲೆ ಅವನ ಮಾವ ಗುರುಪಾದಸ್ವಾಮಿಯವರ ಫೋಟೊ ಅಂಗಾತ ಮಲಗಿತ್ತು. ಅವರು ತೀರಿಕೊಂಡದ್ದು ಹಿಂದಿನ ಸಂಜೆ. ಕೊಳ್ಳೇಗಾಲದ ಈ ಅಂಗಡಿಯಲ್ಲಿ ನಲವತ್ತು ವರ್ಷ ಕೂತು ಹನೂರು, ಯಳಂದೂರಿನವರೆಗೆ ಮನೆಮನೆಯ ಗೋಡೆಗೆ ದೇವರನ್ನೂ ಮದುಮಕ್ಕಳನ್ನೂ ಸತ್ತವರನ್ನೂ ಕಟ್ಟು ಹಾಕಿ ಕಳಿಸಿದವರು, ಬೀದಿಗೆಲ್ಲ ಸ್ವಾಮಣ್ಣ. ಅವರ ಫೋಟೊಗೇ ಕಟ್ಟು ಹಾಕಬೇಕಾದ ದಿನ ಮಿಷಿನ್ ಹೀಗೆ ಕೈಕೊಟ್ಟಿತು.

"ಆಯ್ತಾ ಬಸವೇಶಣ್ಣ? ಮೂರ್ ಗಂಟ್ಗೆ ಎತ್ಬೇಕಂತೆ. ಮಠದ್ ಸ್ವಾಮ್ಗಳು ಆಗ್ಲೇ ಬಂದವ್ರೆ," ಎಂದ ಪಕ್ಕದ ಬೀಗದಂಗಡಿಯ ನಿಂಗರಾಜು. ಬೈಕ್ ತಂದು ಬಾಗಿಲಲ್ಲಿ ಕಾಯುತ್ತಿದ್ದ.

"ಮಿಷಿನ್ ಸಿಕ್ಕಾಕಂತು ಕಣೋ."

"ಸ್ವಾಮಣ್ಣೋರು ಕೆಡ್ಸುದ್ ಮಿಷಿನ್ ಅಲ್ವಾ? ಓಗೋ ದಿವ್ಸಾನೂ ಒಂದ್ ಕೈ ತೋರ್ಸವ್ರೆ," ಎಂದು ನಿಂಗರಾಜು ನಕ್ಕ. ಇವತ್ತು ನಗಬಾರದು ಎಂದು ನೆನಪಾದಮೇಲೆ ಟವಲಿನಿಂದ ಬಾಯಿ ಒರೆಸಿಕೊಂಡ.

ಬಸವೇಶ ತಲೆ ಎತ್ತಲಿಲ್ಲ. ಸಾಲಾಗಿ ಅಂಟಿಸಿದ ಮೊಳೆಗಳ ಸರವನ್ನು ಮಿಷಿನ್ನಿನಿಂದ ಹೊರಗೆಳೆದ. ಅದನ್ನು ಮುಂದೂಡುವ ಸ್ಪ್ರಿಂಗನ್ನು ಹಿಂದಕ್ಕೆ ಸಿಕ್ಕಿಸಿದ. ತಲೆಯ ಎರಡು ಸ್ಕ್ರೂ ಬಿಚ್ಚಿ ಟಾರ್ಚ್ ಹಿಡಿದ. ಎಂಟು ತಿಂಗಳಿಂದ ಮಿಷಿನ್ ಆಗಾಗ ಹೀಗೆ ಮುಷ್ಕರ ಹೂಡುತ್ತಲೇ ಇತ್ತು. ಎಣ್ಣೆ ಬಿಟ್ಟು, ಒದ್ದು, ಹೇಗೋ ಸಾಗಿಸಿದ್ದನೇ ಹೊರತು ಪೂರ್ತಿ ಬಿಚ್ಚಿರಲಿಲ್ಲ. ಬಿಚ್ಚಲು ಅವನಿಗೆ ಮುಖವಿರಲಿಲ್ಲ ಎಂದರೇ ಸರಿ.

ಸೀಮೆಎಣ್ಣೆ ಬಿಟ್ಟು, ದಬ್ಬಳದಿಂದ ಗೀರಿದ. ಗಟ್ಟಿಯಾದ ಅಂಟಿನ ಜತೆ ಮುರಿದ ಮೊಳೆಯ ಚೂರೊಂದು ಅಂಗೈಗೆ ಬಿತ್ತು. ತುಕ್ಕು ಹಿಡಿದಿತ್ತು. ಮೊಳೆಯನ್ನು ತಳ್ಳುವ ಉಕ್ಕಿನ ಅಲಗಿನ ತುದಿ ಅದಕ್ಕೆ ಸಿಕ್ಕಿ ಸಿಕ್ಕಿ ಇವತ್ತು ಮುರಿದೇ ಹೋಗಿತ್ತು. ಹೊಸ ಅಲಗು ಮೈಸೂರಿನಿಂದ ಬರಬೇಕು. ಆ ಚೂರು ಯಾವ ದಿನದ್ದೆಂದು ಬಸವೇಶನಿಗೆ ಯಾರೂ ಹೇಳಬೇಕಾಗಿರಲಿಲ್ಲ.

*

ಮಿಷಿನ್ ತರಿಸಿದ್ದು ಬಸವೇಶನೇ. ಅಲ್ಲಿಯವರೆಗೆ ಮಾವ ಸಣ್ಣ ಸುತ್ತಿಗೆ ಹಿಡಿದು ಕೈಯಲ್ಲೇ ಕೂಡಿಸುತ್ತಿದ್ದರು. ಆದರೂ ಅಳಿಯ ಹೇಳಿಕೊಟ್ಟದ್ದನ್ನು ಮಗುವಿನ ಹಾಗೆ ಕಲಿತರು. ಮಿಷಿನ್ನಿನ ಮೊಳೆಗೆ ಒಂದು ಕಡೆ ಹರಿತ, ಒಂದು ಕಡೆ ಮೊಂಡು. ಹರಿತವಾದ ಕಡೆ ಮೇಲಿರಬೇಕು. ಕಣ್ಣಿಗೆ ತಿಳಿಯುವಂಥದ್ದಲ್ಲ. ಮಾವ ಪ್ರತಿ ಸರವನ್ನೂ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು.

"ಗೀರುದ್ರೆ ಬಾಯಿ, ಜಾರುದ್ರೆ ಬೆನ್ನು. ಅಷ್ಟೆ ತಾನೆ?" ಎನ್ನುತ್ತಿದ್ದರು. ಬಸವೇಶನಿಗೆ ಅಷ್ಟು ವ್ಯವಧಾನವೆಲ್ಲಿ?

ಎಂಟು ತಿಂಗಳ ಹಿಂದೆ ಒಂದು ದಿನ ಅಜ್ಜೀಪುರದ ಕೆಂಪನಂಜಪ್ಪ ತಮ್ಮ ತಾಯಿಯ ಫೋಟೊಗಾಗಿ ಬಂದು ಕೂತಿದ್ದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ಬಸವೇಶ ಪೆಡಲ್ ಒತ್ತಿದ. ಮಿಷಿನ್ ಸಿಕ್ಕಿಕೊಂಡಿತು, ಕಟ್ಟಿನ ಚಿನ್ನದ ಬಣ್ಣದ ಮರದ ಪಟ್ಟಿ ಸೀಳಿಹೋಯಿತು. ಎಲ್ಲರ ಕಣ್ಣೂ ಅವನ ಮೇಲೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಸವೇಶನಿಗೆ ನೆಲದ ಬದಲು ಮಾವ ಸಿಕ್ಕರು.

"ಮಾವ, ಮೊಳೆ ತುಂಬ್ದೋರು ನೀವೇ ತಾನೆ? ಕಣ್ ಕಾಣಲ್ಲ ಅಂದ್ಮೇಲೆ ಯಾಕ್ ಕೈ ಆಕ್ತೀರಿ? ಇನ್ಮೇಲೆ ಮುಟ್ಲೇಬೇಡಿ."

ಮಾವ ಮಿಷಿನ್ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. "ಇದ್ರೂ ಇರ್ಬೋದು ಕಣಪ್ಪ," ಎಂದರು.

ಸಂಜೆ ಅವರು ಮನೆಗೆ ಹೋದಮೇಲೆ ಬಸವೇಶ ಸರ ಹೊರಗೆಳೆದು ಉಗುರಿನ ಮೇಲೆ ಗೀರಿ ನೋಡಿದ. ಉಲ್ಟಾ ಇತ್ತು. ಅದು ಊಟವಾದ ಮೇಲೆ, ಫೋನಿನಲ್ಲಿ ಮಾತಾಡುತ್ತ, ತಾನೇ ಹೊಸ ಪೊಟ್ಟಣ ಒಡೆದು ತುಂಬಿದ ಸರ. ಯಾರೂ ಇಲ್ಲದ ಅಂಗಡಿಯಲ್ಲಿ ಅವನ ಕಿವಿ ಬಿಸಿಯಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡು ಸರವನ್ನು ಮರದ ಹೊಟ್ಟಿನ ಡಬ್ಬಕ್ಕೆ ಎಸೆದ.

ಮರುದಿನ ಮಾವ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು, ಹಳೆಯ ಪೇಪರಿನಿಂದ ಗಾಜು ಒರೆಸುತ್ತ ಕೂತರು. ಮಿಷಿನ್ ಕಡೆ ಬರಲಿಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಬಸವೇಶನ ನಾಳೆ ಎಂಟು ತಿಂಗಳು ಬೆಳೆಯಿತು. ಅಷ್ಟರಲ್ಲಿ "ಸ್ವಾಮಣ್ಣೋರು ಕೆಡಿಸಿದ ಮಿಷಿನ್" ಬೀದಿಯ ತಮಾಷೆಯಾಗಿತ್ತು. ಮಾವನೂ ಎಲ್ಲರ ಜತೆ ಸೇರಿ ನಗುತ್ತಿದ್ದರು.

*

ಬಸವೇಶ ಡ್ರಾಯರಿನಿಂದ ಮಾವನ ಸುತ್ತಿಗೆ ತೆಗೆದ. ನಾಲ್ಕನೆಯ ಮೂಲೆಗೆ ಅಂಟು ಬಳಿದು ಸಣ್ಣ ಮೊಳೆ ಹೊಡೆದ. ಮೊದಲನೆಯದು ಸೊಟ್ಟಗಾಯಿತು, ಎರಡನೆಯದು ಪಟ್ಟಿಯಿಂದ ಹೊರಗೆ ಇಣುಕಿತು. ಮೂರನೆಯದು ಹೇಗೋ ನಿಂತಿತು. ಆದರೂ ಒತ್ತಿ ಹಿಡಿಯದಿದ್ದರೆ ಮೂಲೆ ಬಿಡುತ್ತಿತ್ತು. ಗಾಜು ಕೂರಿಸಿ, ಬಲಗೈ ಹೆಬ್ಬೆರಳಿನಿಂದ ಮೂಲೆಯನ್ನು ಅದುಮಿಕೊಂಡು ಬೈಕ್ ಹತ್ತಿದ.

ಮನೆಯ ಮುಂದೆ ಶಾಮಿಯಾನದ ಕೆಳಗೆ ಮಾವನನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಅತ್ತೆ ಶಿವರತ್ನಮ್ಮ ಪಕ್ಕದಲ್ಲಿ ಕೂತು, ಆ ಕೈ ಜಾರದಂತೆ ಹಿಡಿದುಕೊಂಡಿದ್ದರು. ಅವರ ಬೆನ್ನಿಗೆ ಬಸವೇಶನ ಹೆಂಡತಿ ಭವ್ಯಶ್ರೀ.

"ಯಾಕ್ರೀ ಇಷ್ಟೊತ್ತು?" ಎಂದಳು ಅವಳು.

"ಮಿಷಿನ್ ಸಿಕ್ಕಾಕಂಡಿತ್ತು ಕಣಕ್ಕ," ಎಂದು ನಿಂಗರಾಜುವೇ ಉತ್ತರ ಕೊಟ್ಟ.

ಅಲ್ಲೇ ಕೂತಿದ್ದ ಅಜ್ಜೀಪುರದ ಕೆಂಪನಂಜಪ್ಪ ನಿಟ್ಟುಸಿರುಬಿಟ್ಟರು. "ಅದು ಕೆಟ್ ದಿವ್ಸ ನಾನಲ್ಲೇ ಇದ್ದೆ ಕಣ್ರಿ. ಪಾಪ, ವಯಸ್ಸಾಗಿತ್ತು, ಉಲ್ಟಾ ತುಂಬ್ಬುಟ್ಟಿದ್ರು. ಅಳಿಯ ಬೈದ್ರೂ ಒಂದ್ ಎದುರ್ ಮಾತಾಡ್ಲಿಲ್ಲ ಪುಣ್ಯಾತ್ಮ."

ಸುತ್ತಲಿನವರು ಅಯ್ಯೋ ಎಂದರು. ಬಸವೇಶ ಎಲ್ಲಿ ನೋಡಬೇಕೆಂದು ತಿಳಿಯದೆ ಮಾವನ ಅಂಗೈಯಲ್ಲಿದ್ದ ಲಿಂಗ ನೋಡಿದ. ಅದರ ಪಕ್ಕದಲ್ಲೇ ಹೆಬ್ಬೆರಳಿತ್ತು. ಉಗುರಿನ ತುಂಬ ಸಣ್ಣ ಸಣ್ಣ ಗೀರುಗಳು. ಎಂಟು ತಿಂಗಳಿಂದ ಮಿಷಿನ್ ಮುಟ್ಟದವರ ಉಗುರಿನ ಮೇಲೆ ಹೊಸ ಗೀರುಗಳು!

ಮೊಳೆಯ ಡಬ್ಬಿ ನೆನಪಾಯಿತು. ಈಚೆಗೆ ಯಾವಾಗ ತೆರೆದು ಗೀರಿ ನೋಡಿದರೂ ಸರಗಳೆಲ್ಲ ಹರಿತದ ಕಡೆ ಮೇಲಾಗಿ ಒಪ್ಪವಾಗಿ ಕೂತಿರುತ್ತಿದ್ದವು. ಕಂಪನಿಯಿಂದಲೇ ಹಾಗೆ ಬರುತ್ತದೆ ಎಂದುಕೊಂಡಿದ್ದ. ಅವನು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಇರುತ್ತಿದ್ದವರು ಮಾವ ಒಬ್ಬರೇ.

ನಾಚಿಕೆಗೆ ಅವನ ಮೈ ಹಿಡಿಯಷ್ಟಾಯಿತು. ಈಗ ಬಾಯಿ ಬಿಡದಿದ್ದರೆ ಈ ಸುಳ್ಳೂ ಅವರ ಜತೆಗೇ ಮಣ್ಣಿಗಿಳಿಯುತ್ತದೆ.

"ಅವ್ರು ಕೆಡ್ಸಿದ್ದಲ್ಲ," ಎಂದ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ, ಜೋರಾಗಿಯೇ ಹೇಳಿದ. "ಅವ್ರು ಕೆಡ್ಸಿದ್ದಲ್ಲ. ನಾನು ಉಲ್ಟಾ ತುಂಬಿದ್ದು. ಅವತ್ತು ಸಂಜೇನೇ ನಂಗ್ ಗೊತ್ತಾಯ್ತು."

ಕೆಂಪನಂಜಪ್ಪ ನೆಲ ನೋಡಿದರು. ಭವ್ಯಶ್ರೀ ಗಂಡನನ್ನು ಗುರುತಿಲ್ಲದವನಂತೆ ನೋಡಿದಳು. ಶಿವರತ್ನಮ್ಮ ಮಾತ್ರ ಗಂಡನ ಕೈಯಿಂದ ಕಣ್ಣು ಕೀಳಲಿಲ್ಲ.

"ಅವರ್ಗೂ ಗೊತ್ತಿತ್ತು ಕಣಪ್ಪ," ಎಂದರು. "ಮಾರ್ನೆ ದಿವ್ಸಾನೇ ಹೊಟ್ನ ಡಬ್ಬದಲ್ಲಿ ಮೊಳೆ ನೋಡ್ಕಂಡು, ಇದು ನಾ ತುಂಬುದ್ದಲ್ಲ ಅಂತ ಬಂದು ಯೋಳುದ್ರು. ನಿನ್ನೇ ಕೇಳಿ ಅಂದೆ. 'ಬ್ಯಾಡ, ನಮ್ ಬಸವೇಶಪ್ಪ ಅವನೇ ಯೋಳ್ತಾನೆ, ಎಲ್ಡ್ ದಿವ್ಸ ಬುಡು' ಅಂದ್ರು."

ಅವರು ಸೆರಗಿನಿಂದ ಲಿಂಗದ ಮೇಲಿನ ವಿಭೂತಿಯ ಪುಡಿ ಒರೆಸಿದರು.

"ಸಂಜೆ ಬಂದೇಟ್ಗೆ ದಿನಾ ಕೇಳೀನಿ, ಯೋಳುದ್ನಾ ಅಂತ. ಮೊನ್ನೆ ಜ್ವರ ಬಂದ್ ಮಲ್ಗೋಗಂಟ ಕಾಯ್ತಿದ್ರು."

*

ಧನಗೆರೆಯ ಹೊಲದಲ್ಲಿ ಗುಂಡಿ ತೋಡಿಯಾಗಿತ್ತು. ದಾರಿಯುದ್ದಕ್ಕೂ ಬಸವೇಶ ಫೋಟೊ ಹಿಡಿದು ಮುಂದೆ ನಡೆದ. ಹೆಬ್ಬೆರಳು ಮೂಲೆಯ ಮೇಲೆ ಮರಗಟ್ಟಿತ್ತು. ಯಾರೂ ಅವನ ಪಕ್ಕಕ್ಕೆ ಬರಲಿಲ್ಲ, ಫೋಟೊ ಕೊಡು ಸ್ವಲ್ಪ ಹೊತ್ತು ನಾನು ಹಿಡಿಯುತ್ತೇನೆ ಎಂದು ಕೇಳಲೂ ಇಲ್ಲ.

ಮಾವನನ್ನು ಒಳಗೆ ಕೂರಿಸಿ ಸುತ್ತ ವಿಭೂತಿ ಗಟ್ಟಿ ಇಟ್ಟರು. ಸ್ವಾಮಿಗಳು ಬಿಲ್ವಪತ್ರೆ ಹಾಕಿದರು. ಒಬ್ಬೊಬ್ಬರೇ ಮಣ್ಣು ಹಾಕಿ ಸರಿದರು. ಅಳಿಯನ ಸರದಿ ಬಂತು. ಫೋಟೊವನ್ನು ಗುಂಡಿಯ ಪಕ್ಕ ಹಾಕಿದ್ದ ಕುರ್ಚಿಯ ಮೇಲೆ ಒರಗಿಸಿ, ಬಲಗೈ ಹಾಗೇ ಮೂಲೆಯ ಮೇಲಿಟ್ಟುಕೊಂಡು ಬಸವೇಶ ಎಡಗೈ ಚಾಚಿದ.

"ಎಡಗೈಲಿ ಆಕ್ಬಾರ್ದು ಕಣಪ್ಪ," ಎಂದರು ಕೆಂಪನಂಜಪ್ಪ, ಮೆಲ್ಲಗೆ. "ಅದ್ನ ಬುಡು."

ಬಸವೇಶ ಹೆಬ್ಬೆರಳು ತೆಗೆದ. ಎಲ್ಲರೂ ನೋಡುತ್ತಿದ್ದಂತೆ ಮಾವನ ಫೋಟೊದ ನಾಲ್ಕನೆಯ ಮೂಲೆ ಉಗುರಿನಷ್ಟು ತೆರೆದುಕೊಂಡಿತು. ಯಾರು ಕೂಡಿಸಿದ್ದೆಂದು ಈ ಸಲ ಯಾರೂ ಕೇಳಲಿಲ್ಲ. ಅವನು ಒಂದು ಹಿಡಿ ಮಣ್ಣು ಹಾಕಿ ಕೈ ಕೊಡವಿಕೊಂಡ. ಹೆಬ್ಬೆರಳಿನ ಅಂಟಿಗೆ ಮೆತ್ತಿಕೊಂಡಿದ್ದಷ್ಟು ಮಣ್ಣು ಮಾತ್ರ ಉದುರಲಿಲ್ಲ.