ಮೂರನೇ ತಿರುವಿನ ಕೆಮ್ಮು

೧

ಈ ಕಥೆಯನ್ನು ಎಲ್ಲಿಂದ ಹತ್ತಬೇಕು? ರೈಲಿನ ಕಥೆಯಲ್ಲವೇ, ಮುಂದಿನ ಡಬ್ಬಿಯಿಂದಲೇ ಹತ್ತೋಣವೆಂದು ಮೊದಲ ಡ್ರಾಫ್ಟಿನಲ್ಲಿ ಸುರಂಗ, ಕತ್ತಲೆ, ಥರ್ಮಾಕೋಲಿನ ರಾಕ್ಷಸ ಎಲ್ಲವನ್ನೂ ವರ್ಣಿಸಿದೆ. ಓದಿದರೆ ಪಾರ್ಕಿನ ಮಾಲೀಕರು ಹಂಚುವ ಪಾಂಪ್ಲೆಟ್ಟಿನಂತಿತ್ತು. ಹರಿದು ಹಾಕಿದೆ. (ಹರಿದದ್ದೇನಿಲ್ಲ, ಡಿಲೀಟ್ ಒತ್ತಿದೆ. ಹರಿದೆ ಅಂದರೆ ಲೇಖಕನಿಗೊಂದು ತೂಕ.)

ಇಷ್ಟು ತಿಳಿದಿರಲಿ. ಶಿಗ್ಗಾಂವಿಯ ಹೊರಗೆ, ಹೆದ್ದಾರಿ ಪಕ್ಕ, ಒಂದು ಪಾರ್ಕು. ಅದರಲ್ಲಿ ‘ಪಾತಾಳ ರೈಲು’. ಏಳು ನಿಮಿಷ, ಐದು ತಿರುವು. ಸುರಂಗದೊಳಗೆ ಒಂದು ದನಿ ಪಾತಾಳದ ಕಥೆ ಹೇಳುತ್ತದೆ. ಮೊದಲ ಹತ್ತು ವರ್ಷ ಅದು ಆಡೂರಿನ ಹೂವಪ್ಪನ ದನಿ. ಮೈಕು ಹಿಡಿದು ಪ್ರತಿ ಟ್ರಿಪ್ಪಿಗೂ ಹೊಸದಾಗಿ ಹೇಳುತ್ತಿದ್ದ. ಆಮೇಲೆ ಬಂದದ್ದು ಹಿರೇಕೆರೂರಿನ ಸಮತಾಳ ರೆಕಾರ್ಡಿಂಗು. ಹದಿನಾರು ವರ್ಷದಿಂದ ಅದೇ ಓಡುತ್ತಿದೆ. ಈಗ ಮಾಲೀಕರು ಕಂಪ್ಯೂಟರ್ ದನಿ ತಂದಿದ್ದಾರೆ. ಹಳೆಯದೇ ಇರಲೋ, ಹೊಸದು ಬರಲೋ ಎಂದು ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ವೋಟಿಂಗ್ ನಡೆದಿದೆ. ಭಾನುವಾರ ಸಂಜೆ ಐದಕ್ಕೆ ಮುಗಿಯುತ್ತದೆ.

(ಇಂಥದ್ದಕ್ಕೂ ಅಭಿಮಾನಿಗಳೇ ಎಂದು ನಗಬೇಡಿ. ಇನ್ನೂರಾ ಹನ್ನೆರಡು ಜನ ಇದ್ದೇವೆ.)

೨

ಸಮತಾ ಆ ಗ್ರೂಪಿನಲ್ಲಿ ‘ದಾಸವಾಳ’ ಎಂಬ ಹೆಸರಿಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ. ತನ್ನದೇ ದನಿಗೆ ಬೀಳುವ ಬೈಗುಳ ಓದುವುದು ಒಂಥರಾ ಚಟ.

ಸವಣೂರಿನಲ್ಲಿ ಎಲೆ ವ್ಯಾಪಾರ ಮಾಡುವ ಫಕ್ಕೀರೇಶ ಬರೆದಿದ್ದ: “ಹೂವಪ್ಪ ಹೇಳಾಕತ್ರ ಖರೇನ ಪಾತಾಳಕ್ಕ ಇಳದಂಗ ಆಗತಿತ್ತು. ಈಕಿ ಹೇಳಿದ್ರ ಸಾಲ್ಯಾಗ ಹಾಜರಿ ಕೂಗಿದಂಗ ಆಗತೈತಿ. ಅದರಾಗ ಮೂರನೇ ತಿರುವಿನಾಗ ಕೆಮ್ಮತಾಳ ಬ್ಯಾರೆ!”

ನಲವತ್ತೊಂದು ನಗುವ ಮುಖಗಳು ಬಿದ್ದವು. ನಲವತ್ತೊಂದನೆಯದು ಸಮತಾಳದೇ.

ಆಮೇಲೆ ಹಾನಗಲ್ಲಿನ ನುಜಹತ ಬರೆದಳು: “ಸಣ್ಣಾಕಿ ಇದ್ದಾಗ ನಾ ಅಂಜಿ ಅತ್ರ, ‘ಹಿಂದಿನ ಡಬ್ಬಿ ತಂಗೀ, ನಾ ಅದೇನಿ’ ಅಂತಿದ್ರು ಹೂವಪ್ಪ ಕಾಕಾ. ಅವರ ದನಿ ಎಲ್ಲೂ ರೆಕಾರ್ಡ್ ಆಗಿಲ್ಲಲ್ಲಾ. ಒಂದ ಉಸಿರರ ಸಿಕ್ಕಿದ್ರ ಸಾಕಾಗಿತ್ತು.”

ಸಮತಾ ಫೋನು ಕೆಳಗಿಟ್ಟಳು. ಆ ಕೆಮ್ಮು ಅವಳದಲ್ಲ.

೩

ಹದಿನಾರು ವರ್ಷದ ಹಿಂದೆ, ಹುಬ್ಬಳ್ಳಿಯ ಸ್ಟುಡಿಯೋ, ಅರ್ಧ ದಿನದ ಬಾಡಿಗೆ. ಸುರಂಗದ ಡೀಸೆಲ್ ಹೊಗೆ ಕುಡಿದೂ ಕುಡಿದೂ ಹೂವಪ್ಪನಿಗೆ ಉಬ್ಬಸ ಹತ್ತಿತ್ತು. ಮೈಕು ಬಿಡಿಸಿ ಅವನನ್ನು ಗೇಟಿನಲ್ಲಿ ಟಿಕೆಟ್ ಹರಿಯಲು ನಿಲ್ಲಿಸಿದ್ದರು. ಆದರೆ ಯಾವ ತಿರುವಿನಲ್ಲಿ ಯಾವ ಮಾತು ಎಂಬುದು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೇ ಅವನನ್ನು ಕರೆತಂದಿದ್ದು. ಅವನು ಸಮತಾಳ ಎದುರು ಕೂತು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ರೈಲು ಬಿಟ್ಟುಕೊಂಡು, ತಿರುವು ಬಂದಾಗಲೆಲ್ಲ ಒಂದೊಂದು ಬೆರಳು ಎತ್ತುತ್ತಿದ್ದ. ಮೂರನೇ ಬೆರಳಿಗೆ ಕೆಮ್ಮು ತಡೆಯಲಾಗಲಿಲ್ಲ. ಮತ್ತೆ ಮಾಡಲು ಸ್ಟುಡಿಯೋದ ಹೊತ್ತು ಮುಗಿದಿತ್ತು.

“ನಂದು ಅಂತ ಹೇಳಬ್ಯಾಡವಾ. ಗೊತ್ತಾದ್ರ ಗೇಟಿನಾಗೂ ನಿಲ್ಲಸೂದಿಲ್ಲ.”

“ನಂದ ಅಂತೇನಿ, ಬಿಡ್ರಿ ಕಾಕಾ,” ಎಂದಳು ಇಪ್ಪತ್ತೆರಡರ ಸಮತಾ. ಮಾಲೀಕರ ಬೈಗುಳವನ್ನೂ ತಾನೇ ತಿಂದಳು. ನಾಲ್ಕು ವರ್ಷದ ಹಿಂದೆ ಹೂವಪ್ಪ ತೀರಿಕೊಂಡ. ಕೊಟ್ಟ ಮಾತು ಹಾಗೇ ಉಳಿಯಿತು.

(ಸತ್ತವನಿಗೆ ಇನ್ನೆಂಥ ಗೇಟು, ಹೇಳಿಬಿಡಬಾರದೇ ಎಂದು ನಾನೂ ಕೇಳಿದೆ. “ಮಾತು ಕೊಟ್ಟದ್ದು ಅವರಿಗೆ. ಬಿಡಸಾಕ ನೀವ್ಯಾರ್ರಿ?” ಎಂದು ನನ್ನನ್ನೇ ಗದರಿದಳು. ಹೀಗಾಗಿ ಕಥೆಯನ್ನು ಆಡೂರಿಗೆ, ಆ ಮಾತು ಬಿಡಿಸುವ ಹಕ್ಕಿದ್ದ ಅವನ ಮನೆಗೇ ತಿರುಗಿಸಬೇಕಾಯಿತು.)

೪

ಭಾನುವಾರ ಬೆಳಿಗ್ಗೆ ಹೂವಪ್ಪನ ಹೆಂಡತಿ ಭರಮವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನ ಲೆಕ್ಕಾಚಾರ ಹೀಗಿತ್ತು: ಅವಳಿಗೆ ಕೆಮ್ಮಿನ ವಿಷಯ ಗೊತ್ತಿಲ್ಲ, ಸಮತಾ ಹೇಳುತ್ತಾಳೆ, ಮುದುಕಿ ಸೆರಗಿಗೆ ಕಣ್ಣೊತ್ತುತ್ತಾಳೆ. ಅದಕ್ಕೆಂದೇ ಮೂರು ಒಳ್ಳೆಯ ವಾಕ್ಯ ಎತ್ತಿಟ್ಟಿದ್ದೆ.

ಸಮತಾ ಎಲ್ಲ ಹೇಳಿದಳು. ಭರಮವ್ವನ ಕೈ ನಿಲ್ಲಲೇ ಇಲ್ಲ.

“ನನಗ ಗೊತ್ತಿಲ್ಲೇನು? ಮೂವತ್ತೊಂದ ವರ್ಷ ಮಗ್ಗಲಾಗ ಕೇಳಿದ ಕೆಮ್ಮು. ತಿಂಗಳಿಗೊಮ್ಮೆ ಹೋಗಿ ರೈಲಿನಾಗ ಕುಂತ ಬರತೇನಿ.”

“ಮತ್ತ ಯಾರಿಗೂ ಯಾಕ ಹೇಳಲಿಲ್ರಿ ಕಾಕೂ?”

“ನೀ ನಿಂದ ಅಂತ ಹೇಳಿದ್ದೆಲ್ಲವಾ. ನಿನ್ನ ಮಾತು ನಾ ಯಾಕ ಸುಳ್ಳ ಮಾಡ್ಲಿ?”

(ಅಳಬಹುದಿತ್ತಲ್ಲ ಅವ್ವಾ ಎಂದೆ. “ಕೆಮ್ಮು ಇನ್ನೂ ಐತಲ್ಲೋ ತಮ್ಮಾ, ಯಾಕ ಅಳ್ಲಿ?” ಎಂದಳು.)

ಅತ್ತದ್ದು ಸಮತಾ. ನನ್ನ ಮೂರು ವಾಕ್ಯ ಅವಳಿಗೆ ಹೊಂದಲಿಲ್ಲ, ಬಿಟ್ಟಿದ್ದೇನೆ.

ಹೊಸ ದನಿ ಬರುವ ಸುದ್ದಿ ಕೇಳಿದಾಗ ಮಾತ್ರ ಭರಮವ್ವನ ಕೈ ನಿಂತಿತು. “ಹೇಳಿಬಿಡವಾ ಇನ್ನ,” ಎಂದಳು. “ಅವರನ್ನ ಗೇಟಿನಿಂದ ತಗಿಯಾವರು ಈಗ ಯಾರೂ ಇಲ್ಲ. ನಡಿ, ನಾನೂ ಬರತೇನಿ.”

೫

ಸಂಜೆ ನಾಲ್ಕೂವರೆ, ಪಾತಾಳ ರೈಲು ಹತ್ತುವವರ ಪಾಳಿ. ವೋಟು: ಕಂಪ್ಯೂಟರಿಗೆ ನೂರಾ ನಲವತ್ತು, ಸಮತಾಳಿಗೆ ಒಂಬತ್ತು. ಅವಳು ನಿಂತಲ್ಲೇ ಬರೆದಳು: “ಎರಡನೇ ದನಿ ನಂದು. ಕೆಮ್ಮು ಹೂವಪ್ಪ ಕಾಕಾಂದು. ಅವರದು ಉಳದದ್ದು ಅಷ್ಟ.” ಕಳಿಸಿ, ಫೋನನ್ನು ಚೀಲದಲ್ಲಿ ಹಾಕಿದಳು. ಇಬ್ಬರೂ ಹಿಂದಿನ ಡಬ್ಬಿ ಹತ್ತಿದರು.

ಈಗ ಮುಕ್ತಾಯ. ಮೂರಿವೆ.

ಅ) ಫಕ್ಕೀರೇಶ ಕ್ಷಮೆ ಕೇಳುತ್ತಾನೆ, ವೋಟು ತಿರುಗುತ್ತದೆ. (ಸಿನಿಮಾ ಆಯಿತು.)

ಆ) ಭಾನುವಾರದ ನಿದ್ದೆಯಲ್ಲಿ ಯಾರೂ ನೋಡುವುದಿಲ್ಲ. ಸೋಮವಾರ ಹೊಸ ದನಿ. (ಆಗುವಂಥದ್ದೇ. ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.)

ಇ) ಮಾಲೀಕರು ಕಂಪ್ಯೂಟರ್ ದನಿಗೇ ಆ ಕೆಮ್ಮನ್ನು ಅಂಟಿಸುತ್ತಾರೆ. (“ಉಸಿರ ಇಲ್ಲದ್ದು ಹೆಂಗ ಕೆಮ್ಮತೈತ್ರಿ?” ಎಂದಳು ಸಮತಾ.)

ರೈಲು ಸುರಂಗ ಹೊಕ್ಕಿತು. ಇಪ್ಪತ್ತೆರಡರ ಸಮತಾ ಹಾಜರಿ ಕೂಗಿದಂತೆ ಪಾತಾಳದ ಕಥೆ ಶುರುಮಾಡಿದಳು. ಮೊದಲ ತಿರುವು ಕಳೆಯಿತು. ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಮತ್ತೊಮ್ಮೆ ಗುಂಯ್‌ಗುಟ್ಟಿತು, ಆಮೇಲೆ ನಿಲ್ಲಲೇ ಇಲ್ಲ. ಬೈಯುತ್ತಿದ್ದಾರೋ, ಅಳುತ್ತಿದ್ದಾರೋ. ಎರಡನೇ ತಿರುವೂ ಕಳೆಯಿತು. ಸಮತಾ ಚೀಲಕ್ಕೆ ಕೈ ಹಾಕಿದಳು.

(ಓದುಗರೇ, ರೈಲನ್ನು ಇಲ್ಲೇ ನಿಲ್ಲಿಸುತ್ತೇನೆ. ಐದು ಗಂಟೆ ಹೊಡೆಯಲು ನಾನಂತೂ ಬಿಡುವುದಿಲ್ಲ. ಬೇಕಾದರೆ ಬೈಯಿರಿ.)

ಕತ್ತಲಲ್ಲಿ ಭರಮವ್ವ ಅವಳ ಕೈ ಹಿಡಿದುಕೊಂಡಳು.

“ಸುಮ್ನ ಕುಂದ್ರವಾ. ಈಗ ಬರ್ತಾರ.”