ಕೊನೆಯ ಕುಳಿಯ ಮೊದಲ ಹೊಡೆತ

ಹೆಂಡತಿ ತೀರಿಹೋದ ಮೇಲೆ ಹೊಳೆನರಸೀಪುರದ ಮನೆಯಲ್ಲಿ ಒಬ್ಬರೇ ಉಳಿದ ಪಶುವೈದ್ಯ ಕಾಂತರಾಜು ಅವರನ್ನು ಗಾಲ್ಫ್ ಮೈದಾನಕ್ಕೆ ಎಳೆದು ತಂದವರು ಹಾಸನದ ಬಟ್ಟೆ ವ್ಯಾಪಾರಿ ಈಶ್ವರಯ್ಯ. ಆರು ವರ್ಷ ಭಾನುವಾರ ತಪ್ಪದೆ ಜೊತೆಯಾಗಿ ಆಡಿದರು. ಈಶ್ವರಯ್ಯ ಎಲ್ಲಿ ನಿಂತರೂ ಡ್ರೈವರ್ ಎಂಬ ಉದ್ದನೆಯ ಕೋಲು ಹಿಡಿದು ಬಲವಾಗಿ ಬೀಸುವವರು; ಚೆಂಡು ದೂರ ಹೋಗುತ್ತಿತ್ತು, ಎಷ್ಟೋ ಸಲ ಪೊದೆಗೂ ಹೋಗುತ್ತಿತ್ತು. ಕಾಂತರಾಜು ಐರನ್ ಎಂಬ ಗಿಡ್ಡನೆಯ ಕೋಲು ಹಿಡಿದು ಹತ್ತಿರಕ್ಕೇ ಹೊಡೆದರೂ ನೇರ ಹೊಡೆಯುವವರು.

ಹೋದ ವರ್ಷ, ಇಬ್ಬರೂ ಸೇರಿ ಒಂದೇ ಚೆಂಡನ್ನು ಸರದಿಯಂತೆ ಹೊಡೆಯುವ ಜೋಡಿ ಪಂದ್ಯದಲ್ಲಿ ಕೊನೆಯ ಕುಳಿಗೆ ಮೊದಲ ಹೊಡೆತ ಕಾಂತರಾಜು ಪಾಲಿಗೆ ಬಂತು. ಎದುರಿಗೆ ಕೊಳ. ಡ್ರೈವರ್ ಹಿಡಿದು ದಾಟಿಸಿ ಎಂದು ಈಶ್ವರಯ್ಯ ಹೇಳಿದರೂ ಅವರು ಐರನ್ ತೆಗೆದು ಚೆಂಡನ್ನು ಕೊಳದ ಈಚೆಗೇ ನಿಲ್ಲಿಸಿದರು. ಒಂದೇ ಒಂದು ಹೊಡೆತ ಹೆಚ್ಚಾಗಿ ಇಬ್ಬರೂ ಸೋತರು.

"ನೀವು ಬದುಕಿರೋದೇ ಹಿಂಗೆ ಡಾಕ್ಟ್ರೇ, ನೀರು ಕಂಡ್ರೆ ಸಾಕು, ಹಿಂದಕ್ಕೆ ಸರೀತೀರ" ಎಂದರು ಈಶ್ವರಯ್ಯ, ಎಲ್ಲರೆದುರಿಗೆ.

ಅವತ್ತಿನಿಂದ ಕಾಂತರಾಜು ಈಶ್ವರಯ್ಯನವರ ಫೋನ್ ಎತ್ತಲಿಲ್ಲ. ಭಾನುವಾರಗಳು ಖಾಲಿಯಾದವು. ಬೆಳಗಿನ ಅಡುಗೆಯೇ ಸಂಜೆಗೂ ಆಗುತ್ತಿತ್ತು.

ಈ ವರ್ಷ ಒಂಟಿ ಪಂದ್ಯಕ್ಕೆ ಹೆಸರು ಕೊಟ್ಟರು. ಚೀಟಿ ಎತ್ತಿದಾಗ ಎದುರಾಳಿಯಾಗಿ ಬಂದ ಹೆಸರು ಈಶ್ವರಯ್ಯನವರದ್ದೇ. ಇಬ್ಬರೂ ನಮಸ್ಕಾರ ಹೇಳಿದರು, ಅಷ್ಟೇ. ಕೊನೆಯ ಕುಳಿಗೆ ಬರುವ ಹೊತ್ತಿಗೆ ಕಾಂತರಾಜು ಒಂದು ಹೊಡೆತ ಮುಂದಿದ್ದರು. ಈ ಸಲ ಡ್ರೈವರ್‌ನಲ್ಲೇ ಕೊಳ ದಾಟಿಸಿ ತೋರಿಸುತ್ತೇನೆ ಎಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಬಂದಿದ್ದರು.

ಮೊದಲು ಹೊಡೆಯಬೇಕಾದವರು ಈಶ್ವರಯ್ಯ. ಡ್ರೈವರ್ ಹೊರಗೆಳೆದರು, ಕೊಳ ನೋಡಿದರು, ಮತ್ತೆ ಅದನ್ನು ಚೀಲಕ್ಕೆ ಇಳಿಸಿ ಐರನ್ ತೆಗೆದುಕೊಂಡರು. ಬಲಗೈ ಭುಜದ ಮಟ್ಟಕ್ಕೂ ಏಳಲಿಲ್ಲ. ಚೆಂಡು ಮೆಲ್ಲಗೆ ಹೋಗಿ ಕೊಳದ ಈಚೆಗೇ ಹುಲ್ಲಿನ ಮೇಲೆ ನಿಂತಿತು.

"ಭುಜಕ್ಕೇನಾಯ್ತು?" ಕಾಂತರಾಜು ಕೇಳಿಬಿಟ್ಟರು.

"ಬಿದ್ಬುಟ್ಟೆ. ಆಪರೇಸನ್ ಆಯ್ತು, ಮೂರ್ ತಿಂಗ್ಳಾಯ್ತು. ಆಸ್ಪತ್ರೆಯಿಂದ ನಿಮಗೆ ಎರಡ್ ಸಲ ಫೋನ್ ಮಾಡಿದ್ದೆ."

ಮಾತಿನಲ್ಲಿ ದೂರಿರಲಿಲ್ಲ. ಯಾರಿಗೆ ತೋರಿಸಬೇಕೆಂದು ಬಂದಿದ್ದರೋ ಅವರೆದುರು ಡ್ರೈವರ್ ಹಿಡಿಯಲು ಕಾಂತರಾಜುಗೆ ನಾಚಿಕೆಯಾಯಿತು. ಐರನ್ ತೆಗೆದು ಹೊಡೆದರು. ಕೊನೆಗೆ ಅದೇ ಒಂದು ಹೊಡೆತದ ಅಂತರದಲ್ಲಿ ಗೆದ್ದರು.

ಬಹುಮಾನ ತೆಗೆದುಕೊಂಡು ಹೊರಬಂದಾಗ ಈಶ್ವರಯ್ಯನವರ ಮಗಳು ಪ್ರೇಕ್ಷಾ ತಂದೆಯ ಚೀಲವನ್ನು ಕಾರಿಗೆ ಇಡುತ್ತಿದ್ದಳು. ಕಾಂತರಾಜು ಈಶ್ವರಯ್ಯನವರ ಹತ್ತಿರ ಹೋಗಿ, ಮುಂದಿನ ಭಾನುವಾರ ಬರುತ್ತೀರಾ ಎಂದು ಕೇಳಿದರು. ತಪ್ಪಾಯಿತು ಎನ್ನಬೇಕೆಂದಿದ್ದವರು, ಕೇಳಿದ್ದು ಅಷ್ಟೇ.

"ನೋಡವ ಡಾಕ್ಟ್ರೇ. ಇವಳಿಗೆ ಬಿಡುವಿದ್ರೆ ಕರ್ಕೊಂಡ್ ಬತ್ತಾಳೆ."

ಕಾರು ಗೇಟು ದಾಟಿತು. ಮೊದಲಾದರೆ ಊಟಕ್ಕೆ ಮನೆಗೆ ಕರೆಯದೆ ಈಶ್ವರಯ್ಯ ಹೊರಡುತ್ತಲೇ ಇರಲಿಲ್ಲ. ಕಾಂತರಾಜು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರು.